ಅಡಿಕೆ ಮರದ ಮಾಡೆಲ್ ಸಾಕಷ್ಟು ಬಾಗುತ್ತಿಲ್ಲ

ನಿಮ್ಮ ಫೈನೈಟ್ ಎಲಿಮೆಂಟ್ ಮಾಡೆಲ್‌ನ (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವುದು) ತೊಂದರೆ ಬಹುಶಃ ಶಿಯರ್ ಲಾಕಿಂಗ್, ಅಂದರೆ ಎಲಿಮೆಂಟ್ ಇರಬೇಕಾದ್ದಕ್ಕಿಂತ ಬಿಗಿಯಾಗಿ ವರ್ತಿಸುವುದು. ಕಾಸರಗೋಡಿನ ಅಡಿಕೆ ಮರ ಗಾಳಿಗೆ ಎಷ್ಟು ಬಾಗುತ್ತದೆ ಅಂತ ನಾಲ್ಕು ನೋಡ್‌ನ (ಎಲಿಮೆಂಟ್‌ಗಳು ಸೇರುವ ಬಿಂದು) ಎಲಿಮೆಂಟ್‌ನಲ್ಲಿ ನೋಡಿದ್ದೀರಿ. ಕೈಲೆಕ್ಕದ ಮೂರನೇ ಒಂದು ಪಾಲು ಬರುತ್ತಿದೆ, ಮೆಶ್ (ಎಲಿಮೆಂಟ್‌ಗಳ ಬಲೆ) ಸಣ್ಣ ಮಾಡಿದಷ್ಟೂ ಬಾಗು ಜಾಸ್ತಿಯಾಗುತ್ತಿದೆ ಅಂದಿದ್ದೀರಿ. ಆ ಕೊನೆಯ ಮಾತೇ ಸುಳಿವು. ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಅನ್ನುವ ಅಳತೆ) ತಪ್ಪಿದ್ದರೆ ಉತ್ತರ ತಪ್ಪು ಸಂಖ್ಯೆಯಲ್ಲೇ ನಿಂತುಬಿಡುತ್ತಿತ್ತು, ಅಲ್ವಾ? ಈ ಎಲಿಮೆಂಟ್‌ನ ಅಂಚಿಗೆ ಬಾಗಲು ಬರುವುದಿಲ್ಲ. ಬಾಗಿಸಿದರೆ ಇಲ್ಲದ ಶಿಯರ್ (ಪದರಗಳು ಒಂದರ ಮೇಲೊಂದು ಜಾರುವಂಥ ವಿರೂಪ) ಹುಟ್ಟಿ, ಮರ ಸೆಟೆದು ನಿಲ್ಲುತ್ತದೆ.

ಮೊದಲು ಮರವನ್ನು ಪಕ್ಕಕ್ಕಿಡಿ. 1 ಮೀಟರ್ ಉದ್ದ, 10 ಸೆಂ.ಮೀ. ಚೌಕದ ಉಕ್ಕಿನ ತೊಲೆ ತೆಗೆದುಕೊಳ್ಳಿ. ಒಂದು ತುದಿ ಬಿಗಿದು, ಇನ್ನೊಂದಕ್ಕೆ 1000 ನ್ಯೂಟನ್ ಹಾಕಿ. ಮಾಡ್ಯುಲಸ್ 200 ಗಿಗಾಪಾಸ್ಕಲ್ ಕೊಟ್ಟರೆ ತುದಿ ಸುಮಾರು 0.2 ಮಿ.ಮೀ. ಇಳಿಯಬೇಕು. ನಿಮ್ಮ ಕೋಡ್ ಇಲ್ಲೂ ಕಡಿಮೆ ತೋರಿಸಿದರೆ ಲಾಕಿಂಗ್ ಖಚಿತ ಅನ್ನಬಹುದು.

ಆಮೇಲೆ ಎಂಟು ನೋಡ್‌ನ ಎಲಿಮೆಂಟ್‌ಗೆ ಬದಲಿಸಿ, 2×2 ಗಾಸ್ ಪಾಯಿಂಟ್ (ಎಲಿಮೆಂಟ್ ಒಳಗೆ ಲೆಕ್ಕ ಹಾಕುವ ಬಿಂದು) ಸಾಕು. ನಾಲ್ಕು ನೋಡ್‌ನದ್ದೇ ಬೇಕೆಂದರೆ ಒಂದೇ ಗಾಸ್ ಪಾಯಿಂಟ್ ಇಟ್ಟು, ದಪ್ಪದಲ್ಲಿ ಕನಿಷ್ಠ ನಾಲ್ಕು ಪದರ ಕೊಡಿ. ಅವರ್‌ಗ್ಲಾಸ್ ಕಂಟ್ರೋಲ್ (ಒಂದೇ ಗಾಸ್ ಪಾಯಿಂಟ್‌ಗೆ ಕಾಣದ ವಿರೂಪಗಳನ್ನು ತಡೆಯುವುದು) ಮರೆಯಬೇಡಿ, ಇಲ್ಲದಿದ್ದರೆ ಮೆಶ್ ಅಂಕುಡೊಂಕಾಗುತ್ತದೆ. ನಾನು ಸುಮ್ನೆ ಮೂರು ವಾರ ಮಾಡ್ಯುಲಸ್ ತಿದ್ದುತ್ತಾ ಕೂತಿದ್ದೆ, ನೀವು ಹಾಗೆ ಮಾಡಬೇಡಿ.

ತೊಲೆ ಸರಿಬಂದ ಮೇಲೆ ಮರಕ್ಕೆ ಬನ್ನಿ. ಅಡಿಕೆ ಮರದ ಹೊರಭಾಗ ಗಟ್ಟಿ, ತಿರುಳು ಮೆದು. ಇಡೀ ಕಾಂಡಕ್ಕೆ ಒಂದೇ ಮಾಡ್ಯುಲಸ್ ಕೊಟ್ಟಿದ್ದರೆ ಅದನ್ನೂ ಬೇರೆ ಮಾಡಬೇಕು. ಕೊಯ್ಯುವವರು ಮರದಿಂದ ಮರಕ್ಕೆ ದಾಟುವಾಗಿನಷ್ಟು ಬಾಗು ಬೇಕಿದ್ದರೆ ದೊಡ್ಡ ವಿರೂಪದ ಲೆಕ್ಕವೇ ಬೇಕು, ಆಗ ಕೈಲೆಕ್ಕದ ಸೂತ್ರವೂ ಹೊಂದುವುದಿಲ್ಲ. ಗೈಡ್ ಹತ್ತಿರ ಹೋಗುವಾಗ ತೊಲೆಯ ಗ್ರಾಫ್ ಒಯ್ಯಿರಿ.