ಗೆದ್ದರೆ ಸಿಗುವುದೇನು?

ಓದುಗರೊಬ್ಬರು ಬರೆಯುತ್ತಾರೆ: “ಸುಖವೇ ಗುರಿ ಎಂದವನು ಪ್ರಾಚೀನ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್. ಗೆಲ್ಲುವ ಸಾಧ್ಯತೆ ನೂರಕ್ಕೆ 60, ಗೆದ್ದರೆ ಹಣ ದುಪ್ಪಟ್ಟು, ಸೋತರೆ ಸೊನ್ನೆ. ಇಂಥಲ್ಲಿ ಕೈಕಟ್ಟಿ ಕೂರುವುದು ಹೇಡಿತನವಲ್ಲವೇ?”

ಸಂಪಾದಕರ ಉತ್ತರ: ಲೆಕ್ಕವೇನೋ ಸರಿ. 100 ಹೂಡಿದರೆ ಸರಾಸರಿ 120. ಹೊಟ್ಟೆಗೇ ಇಲ್ಲದವನು ಪಣ ಕಟ್ಟಿದರೆ ತಪ್ಪೆನ್ನಲಾರೆ. ಆದರೆ ಅದೇ ಪಣವನ್ನು ಐದು ಸಲ, ಪ್ರತಿ ಸಲವೂ ಇದ್ದದ್ದೆಲ್ಲ ಸುರಿದು ಆಡಿ ನೋಡಿ. ಸರಾಸರಿ 249ಕ್ಕೆ ಏರುತ್ತದೆ. ನೂರು ಜನರಲ್ಲಿ ಸುಮಾರು 92 ಜನ ಬರಿಗೈಯಾಗಿರುತ್ತಾರೆ. ಗೆದ್ದ ಎಂಟು ಜನರ ಯಶೋಗಾಥೆಯನ್ನೇ ಎಲ್ಲರೂ ಅಚ್ಚು ಹಾಕುತ್ತಾರೆ, ನಮ್ಮಂಥ ಪತ್ರಿಕೆಗಳೂ ಸೇರಿ.

ನೀವು ತಕ್ಕಡಿಗೆ ಹಾಕಿದ್ದು ಹಣ. ಶಿಷ್ಯ ಮೆನೋಕಿಯಸ್‌ಗೆ ಬರೆದ ಪತ್ರದಲ್ಲಿ ಎಪಿಕ್ಯೂರಸ್ ತೂಗುವುದು ಸುಖ ಮತ್ತು ನೋವನ್ನು: ಬೆನ್ನಿಗೆ ದೊಡ್ಡ ತೊಂದರೆ ತರುವ ಸುಖವನ್ನು ಬಿಡು, ದೊಡ್ಡ ಸುಖ ತರುವ ನೋವನ್ನು ತಾಳಿಕೋ. ಇನ್ನೊಂದು ಮಾತನ್ನೂ ಅವನು ಹೇಳಿದ್ದಾನೆ. ಕೊರತೆಯ ನೋವು ನೀಗಿದ ಮೇಲೆ ದೇಹದ ಸುಖ ಬೆಳೆಯುವುದಿಲ್ಲ, ಬಗೆ ಬದಲಾಗುತ್ತದೆ ಅಷ್ಟೆ. ಹಾಗಾಗಿ ಗೆದ್ದ 100 ತರುವುದು ಬರೀ ಸುಖದ ಹೊಸ ಬಗೆಯನ್ನು. ಸೋತ 100 ಊಟ, ಸೂರು, ಔಷಧಿಗೇ ಕೈ ಹಾಕುತ್ತದೆ.

ಮೊದಲು ಆ ಮೂರಕ್ಕೆ ಬೇಕಾದಷ್ಟನ್ನು, 70 ಎನ್ನೋಣ, ತೆಗೆದಿಡಿ. ಅದು ಪಣಕ್ಕಲ್ಲ. ಉಳಿದ 30ರ ಮೇಲೆ ಅವನದೇ ಪ್ರಶ್ನೆ ಹಾಕಿ. ವ್ಯಾಟಿಕನ್‌ನ ಹಸ್ತಪ್ರತಿಯೊಂದರಿಂದ 1888ರಲ್ಲಿ ಬೆಳಕಿಗೆ ಬಂದ ಸೂಕ್ತಿಗಳಲ್ಲಿ 71ನೆಯದು ಅದು: ಬಯಸಿದ್ದು ಸಿಕ್ಕರೆ ನನಗೇನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ? ಎರಡೂ ಉತ್ತರಗಳನ್ನು ಹಣ ಕೊಡುವ ಮೊದಲೇ ಬರೆದಿಡಿ; ಆಮೇಲೆ ಬರೆದರೆ ಮನಸ್ಸು ಸಮಜಾಯಿಷಿ ಹುಡುಕುತ್ತದೆ. ಬಹುತೇಕರು ಎಡವುವುದು ಇನ್ನೊಂದು ಕಡೆ. ಫಲಿತಾಂಶಕ್ಕೆ ಆರು ತಿಂಗಳಿದ್ದರೆ ಸುಮಾರು 180 ರಾತ್ರಿಗಳ ನಿದ್ದೆಗೇಡೂ ಖರ್ಚೇ. ಗೆದ್ದರೂ ಆ ಖರ್ಚು ವಾಪಸು ಬರುವುದಿಲ್ಲ.

ಹೇಡಿಯೇ ಎಪಿಕ್ಯೂರಸ್? ಸ್ನೇಹಕ್ಕಾಗಿ ಅಪಾಯವನ್ನೂ ಎದುರಿಸಬೇಕು ಎಂದವನು! ರಾಜ ಡಿಮೆಟ್ರಿಯಸ್ ಅಥೆನ್ಸಿಗೆ ಮುತ್ತಿಗೆ ಹಾಕಿ ಊರು ಹಸಿದಾಗ, ಎಪಿಕ್ಯೂರಸ್ ಅವರೆಕಾಳುಗಳನ್ನು ಎಣಿಸಿ ಶಿಷ್ಯರ ಜೊತೆ ಹಂಚಿ ತಿಂದನೆಂದು ಪ್ರಾಚೀನ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆದಿದ್ದಾನೆ. ಹಬ್ಬ ಮಾಡಬೇಕೆನಿಸಿದರೆ ಇರಲಿ ಎಂದು ಗೆಳೆಯನಲ್ಲಿ ಕೇಳಿದ್ದು ಒಂದು ಸಣ್ಣ ಗಡಿಗೆ ಚೀಸ್. ಅಂಥವನ ಹೆಸರನ್ನು ಇಂಗ್ಲಿಷಿನವರು ಭೋಜನಪ್ರಿಯರಿಗೆ ಬಿರುದಾಗಿ ಕೊಟ್ಟುಬಿಟ್ಟರು; ನಾವೂ ಕಣ್ಣುಮುಚ್ಚಿ ಅದನ್ನೇ ಒಪ್ಪಿಕೊಂಡೆವು.

ಅಂದಹಾಗೆ, ನಿಮ್ಮ ಎರಡು ಪುಟದ ಪತ್ರದಲ್ಲಿ ದುಪ್ಪಟ್ಟಾದ ಹಣ ಯಾತಕ್ಕೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ.