ಗಣಿಯಲ್ಲಿ ತುಂಬುವ ಮರಳು ಮೇಲಿನ ಭಾರ ಹೊರುತ್ತಾ?

ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಖಾಲಿ ಜಾಗಕ್ಕೆ ಮರಳು ತುಂಬುತ್ತಾರಲ್ಲ, ಭಾರವನ್ನೆಲ್ಲ ಆ ಮರಳೇ ಹೊರುತ್ತಾ, ಹಾಗಾದರೆ ಚಾವಣಿಗೆ ಆಸರೆಯಾಗಿ ಕಡಿಯದೆ ಉಳಿಸುವ ಕಲ್ಲಿದ್ದಲಿನ ಕಂಬ ಯಾಕೆ ಬಿಡಬೇಕು ಅಂತ ಕೇಳಿದ್ದೀರಿ.

ಭಾರದ ಬಹುಪಾಲು ಹೊರುವುದು ಕಂಬವೇ. ಮರಳು ಅದರ ಪಕ್ಕೆ ಹಿಡಿಯುತ್ತದೆ. ಅಕ್ಕಿಯನ್ನು ಸುಮ್ನೆ ನೆಲಕ್ಕೆ ಸುರಿದು ಮೇಲೆ ನಿಂತರೆ ಹರಡಿಹೋಗುತ್ತದೆ. ಮೂಟೆ ಕಟ್ಟಿದರೆ ನಾಲ್ಕು ಜನ ಕೂರಬಹುದು. ಕಂಬವೂ ಹಾಗೇ. ಭಾರ ಜಾಸ್ತಿಯಾದಾಗ ಅದರ ಬದಿಗಳು ಉಬ್ಬಿ, ಚಕ್ಕೆ ಚಕ್ಕೆಯಾಗಿ ಉದುರುತ್ತವೆ. ಬರಬರುತ್ತಾ ಕಂಬ ಸಣ್ಣಗಾಗುತ್ತದೆ. ಸುತ್ತ ಮರಳಿದ್ದರೆ ಉದುರಲು ಜಾಗವಿರುವುದಿಲ್ಲ. ಕಂಬ ಉಬ್ಬಿದಷ್ಟೂ ಮರಳು ಎದುರು ತಳ್ಳುತ್ತದೆ, ಕಂಬದ ತಾಕತ್ತು ಹೆಚ್ಚುತ್ತದೆ. ಅದಕ್ಕೇ ಮರಳು ಚಾವಣಿಗೆ ಪೂರ್ತಿ ತಾಗದಿದ್ದರೂ ಪ್ರಯೋಜನ ಉಂಟು.

ಒಂದು ಕಂಬ ಸೋತರೆ ಅದರ ಭಾರ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. 1960ರ ಜನವರಿ 21ರಂದು ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಗಣಿಯಲ್ಲಿ ಹೀಗೆ ಸಾಲುಸಾಲು ಕಂಬಗಳು ಕುಸಿದು 400ಕ್ಕೂ ಹೆಚ್ಚು ಜನ ಸತ್ತರು. ಕಂಬ ಎಷ್ಟು ಅಗಲ, ಎಷ್ಟು ಎತ್ತರ ಇರಬೇಕು ಅಂತ ಲೆಕ್ಕ ಹಾಕುವ ಒಂದು ಹೆಸರಾಂತ ಸೂತ್ರ ಬಂದಿದ್ದು ಆ ದುರಂತದ ನಂತರದ ಅಧ್ಯಯನದಿಂದ. ಅಗಲ ಅಷ್ಟೇ ಇದ್ದು ಎತ್ತರ ಹೆಚ್ಚಾದರೆ ಕಂಬದ ಬಲ ಕಡಿಮೆ. ಹಾಗಾಗಿ ದಪ್ಪ ಪದರದ ಗಣಿಗೆ ಮರಳು ಇನ್ನೂ ಮುಖ್ಯ.

ನಮ್ಮ ದೇಶದಲ್ಲಿ ಝರಿಯಾ, ರಾಣಿಗಂಜ್ ಗಣಿಗಳಿಗೆ ದಾಮೋದರ ನದಿಯ ಮರಳು, ಸಿಂಗರೇಣಿ ಗಣಿಗಳಿಗೆ ಗೋದಾವರಿಯ ಮರಳು. ಮೇಲಿಂದ ನೀರಿನ ಜೊತೆ ಪೈಪಿನಲ್ಲಿ ಇಳಿಸುತ್ತಾರೆ. ಇದಕ್ಕೆ ಸ್ಟೋಯಿಂಗ್ ಅನ್ನುತ್ತೇವೆ. ನಾನು ಆ ಕೆಲಸ ನೋಡಿಕೊಳ್ಳುತ್ತಿದ್ದಾಗ ಮೊದಲು ಬರೀ ನೀರು, ಆಮೇಲೆ ಮರಳು, ಕೊನೆಗೆ ಮತ್ತೆ ಬರೀ ನೀರು ಬಿಡಿಸುತ್ತಿದ್ದೆ. ಮರಳು ಒಳಗಿದ್ದಾಗಲೇ ನಿಲ್ಲಿಸಿದರೆ ಪೈಪಿನ ತಿರುವಿನಲ್ಲಿ ಕಟ್ಟಿಕೊಳ್ಳುತ್ತದೆ.

ನಿಜವಾದ ಅಪಾಯ ಬ್ಯಾರಿಕೇಡ್ ಹತ್ತಿರ. ಮರದ ಕಂಬ, ಬಿದಿರಿನ ತಟ್ಟಿ, ಗೋಣಿ ಬಟ್ಟೆಯ ತಡೆ ಅದು. ಮರಳನ್ನು ಹಿಡಿದು ನೀರನ್ನು ಸೋಸಿ ಬಿಡಬೇಕು. ಮರಳಿನಲ್ಲಿ ಮಣ್ಣು ಜಾಸ್ತಿ ಇದ್ದರೆ ನೀರು ಒಳಗೇ ನಿಲ್ಲುತ್ತದೆ, ತಡೆ ಹೊಟ್ಟೆ ಉಬ್ಬುತ್ತದೆ. ಅದು ಒಡೆದರೆ ಎದುರಿಗಿದ್ದವರಿಗೆ ಓಡಲು ಸಮಯ ಸಿಗುವುದಿಲ್ಲ. ಅದಕ್ಕೇ ತಡೆಯ ಎದುರು ಯಾರನ್ನೂ ನಿಲ್ಲಲು ಬಿಡುತ್ತಿರಲಿಲ್ಲ.

ಇನ್ನು, ಮರಳು ತುಂಬುತ್ತಾ ಕಂಬಗಳನ್ನೇ ತೆಗೆಯುವ ಪದ್ಧತಿಯೂ ಇದೆ. ಮೇಲೆ ಊರು, ರೈಲು ಹಳಿ ಇರುವ ಕಡೆ ಕಂಬ ತೆಗೆಯುವುದಾದರೆ ಮರಳು ತುಂಬಲೇಬೇಕು. ಮರಳು ಒತ್ತಿಕೊಂಡಷ್ಟು ನೆಲ ತುಸು ಕುಸಿಯುತ್ತದೆ, ಆದರೆ ಚಾವಣಿಯನ್ನು ಹಾಗೇ ಬೀಳಲು ಬಿಟ್ಟಾಗ ಕುಸಿಯುವಷ್ಟಲ್ಲ. ಈಗ ನದಿ ಮರಳು ಸಿಗುವುದು ಕಷ್ಟ. ಅದರ ಬದಲು ವಿದ್ಯುತ್ ಸ್ಥಾವರದ ಬೂದಿಯನ್ನೂ ತುಂಬುತ್ತಾರೆ. ಹಾರುಬೂದಿ ತೀರಾ ನಯ, ನೀರು ಬೇಗ ಬಿಡುವುದಿಲ್ಲ. ಬಾಯ್ಲರ್ ತಳದ ದಪ್ಪ ಬೂದಿಯೇ ಮೇಲು.