ಕಿಟ್ಟೆಲ್ ಅನ್ನುವುದು ಯಾವ ಕಸುಬಿನ ಅಡ್ಡಹೆಸರು?

ಪ್ರಶ್ನೆ: ನಾನು ಧಾರವಾಡದಲ್ಲಿ ಓದಿದವನು. ನಿಘಂಟಿನ ಕಿಟ್ಟೆಲ್ ಗೊತ್ತು. ಎಂ.ಎಸ್ಸಿ.ಯಲ್ಲಿ ಚಾರ್ಲ್ಸ್ ಕಿಟ್ಟೆಲ್ ಬರೆದ ಫಿಸಿಕ್ಸ್ ಪುಸ್ತಕ ಓದಿದ್ದೆ. ಮೊನ್ನೆ ಹಳೆಯ ಟೂರ್ ದ ಫ್ರಾನ್ಸ್ ವಿಡಿಯೋದಲ್ಲಿ ಮಾರ್ಸೆಲ್ ಕಿಟ್ಟೆಲ್ ಅಂತ ಒಬ್ಬ ಸೈಕಲ್ ಪಟು ಸಿಕ್ಕಿದ. ಇವರೆಲ್ಲ ಒಂದೇ ಮನೆತನದವರಾ? ನಮ್ಮ ಬಡಿಗೇರ, ಕಂಬಾರ, ಪತ್ತಾರ ಇದ್ದ ಹಾಗೆ ಇದೂ ಕಸುಬಿನ ಹೆಸರಾ?

ಉತ್ತರ: ಕಸುಬಿನದು ಇರಬಹುದು, ಬರೀ ಉಡುಪಿನದೂ ಇರಬಹುದು. ಜರ್ಮನ್ನಿನಲ್ಲಿ ಕಿಟ್ಟೆಲ್ ಅಂದರೆ ಸಡಿಲವಾದ ಮೇಲಂಗಿ. ಹಳ್ಳಿಯ ರೈತರು, ಗಾಡಿ ಹೊಡೆಯುವವರು ತೊಡುತ್ತಿದ್ದದ್ದು. ನಾರುಬಟ್ಟೆಯದು, ಎಷ್ಟೋ ಕಡೆ ನೀಲಿ ಬಣ್ಣದ್ದು. ಮುಂದೆ ಗುಂಡಿ ಸಾಲು ಇರುತ್ತಿರಲಿಲ್ಲ. ಕತ್ತಿನ ಹತ್ತಿರ ಒಂದು ಸೀಳು, ಅಗಲ ತೋಳು, ಮೊಣಕಾಲಿನ ತನಕ ಉದ್ದ. ತಲೆಯ ಮೇಲಿಂದ ಹಾಕಿಕೊಂಡರೆ ಒಳಗಿನ ಒಳ್ಳೆ ಬಟ್ಟೆಗೆ ದೂಳು ತಾಗದು. ಪದ ಇವತ್ತಿಗೂ ಸತ್ತಿಲ್ಲ. ಡಾಕ್ಟರ ಬಿಳಿ ಕೋಟು, ಲ್ಯಾಬಿನ ಕೋಟು ಎರಡಕ್ಕೂ ಜರ್ಮನರು ಕಿಟ್ಟೆಲ್ ಅಂತಲೇ ಅನ್ನುತ್ತಾರೆ. ಡಾಕ್ಟರನ್ನು ಸುಮ್ನೆ ತಮಾಷೆಗೆ 'ವೈಸ್‌ಕಿಟ್ಟೆಲ್', ಅಂದರೆ ಬಿಳಿಕೋಟು ಅನ್ನುವುದೂ ಉಂಟು. ಯಹೂದಿಗಳು ಯೋಮ್ ಕಿಪ್ಪುರ್, ಅಂದರೆ ಅವರ ಪ್ರಾಯಶ್ಚಿತ್ತದ ಹಬ್ಬದ ದಿನ ತೊಡುವ ಬಿಳಿ ನಿಲುವಂಗಿಯ ಹೆಸರೂ ಇದೇ. ಜರ್ಮನ್ನಿನಿಂದ ಹುಟ್ಟಿದ, ಯಹೂದಿಗಳ ಯಿದ್ದಿಶ್ ಭಾಷೆಯ ದಾರಿಯಲ್ಲಿ ಅವರಿಗೆ ಬಂದದ್ದು.

ಇದು ಅಡ್ಡಹೆಸರಾಗಲು ಎರಡು ದಾರಿ. ಒಂದು, ಈ ಅಂಗಿ ಹೊಲಿಯುವವನು. ಮಾಡುವ ವಸ್ತುವಿನ ಹೆಸರನ್ನೇ ಮಾಡುವವನಿಗೆ ಅಂಟಿಸುವುದು ಜರ್ಮನರಲ್ಲಿ ಮಾಮೂಲಿ. ನಾಗೆಲ್ ಅಂದರೆ ಮೊಳೆ, ಮೊಳೆ ಬಡಿಯುವ ಕಮ್ಮಾರನೂ ನಾಗೆಲ್. ಇನ್ನೊಂದು, ಯಾವಾಗಲೂ ಇದೇ ಅಂಗಿಯಲ್ಲಿ ಕಾಣಿಸುವವನು. ನಮ್ಮೂರಲ್ಲಿ 'ಛತ್ರಿ ರಾಮಣ್ಣ' ಅಂತಾರಲ್ಲ, ಹಾಗೆ. ಮಧ್ಯಯುಗದ ಕೊನೆಯಲ್ಲಿ ಊರುಗಳು ಬೆಳೆದು ಒಂದೇ ಬೀದಿಗೆ ನಾಲ್ಕು ಹಾನ್ಸ್, ಐದು ಪೀಟರ್ ಆದಾಗ ಇಂಥ ಕರೆಹೆಸರುಗಳೇ ಮಕ್ಕಳು ಮೊಮ್ಮಕ್ಕಳಿಗೂ ಮುಂದುವರಿದವು. ನನಗೇನೋ ಎರಡನೆಯ ದಾರಿಯೇ ಜಾಸ್ತಿ ನಿಜ ಅನ್ನಿಸುತ್ತದೆ. ಹೊಲಿಯುವವನಿಗೆ ಶ್ನೈಡರ್ ಅನ್ನುವ ಹೆಸರು ಆಗಲೇ ಇತ್ತಲ್ವಾ?

ಇಲ್ಲಿ ನಮ್ಮ ನಿಘಂಟುಕಾರರ ಊರಿನ ವಿಷಯ ಸ್ವಲ್ಪ ಹೇಳಬೇಕು. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಆ ಸೀಮೆಯಲ್ಲಿ ಬಹಳ ಜನಕ್ಕೆ ಕಾಯಂ ಅಡ್ಡಹೆಸರೇ ಇರಲಿಲ್ಲ. ಯಾನನ ಮಗ ಯಾನ್ಸೆನ್, ಹಾರ್ಮನ ಮಗ ಹಾರ್ಮ್ಸ್. ತಲೆಮಾರು ಬದಲಾದರೆ ಹೆಸರೂ ಬದಲು. ಆ ಸೀಮೆ ಫ್ರೆಂಚರ ಕೈಗೆ ಹೋದ ಮೇಲೆ, 1811ರಲ್ಲಿ, ಎಲ್ಲರೂ ಒಂದು ಹೆಸರು ಹಿಡಿದುಕೊಳ್ಳಿ ಅಂತ ನೆಪೋಲಿಯನ್ ಹುಕುಂ ಹೊರಡಿಸಿದ. ಹಳೇ ಅಭ್ಯಾಸ ಆಮೇಲೂ ಬೇಗ ಬಿಡಲಿಲ್ಲ. ಕಿಟ್ಟೆಲ್ ಮಾತ್ರ ಆ ಅಚ್ಚಿನ ಹೆಸರಲ್ಲ. ಅದು ಹೆಚ್ಚಾಗಿ ಸ್ಯಾಕ್ಸನಿ, ಸೈಲೀಷಿಯಾ, ಬೊಹೀಮಿಯಾದ ಉತ್ತರ ಭಾಗ, ಈ ಪೂರ್ವದ ಸೀಮೆಗಳಲ್ಲಿ ಕಾಣುವ ಹೆಸರು. ಅಂದಹಾಗೆ ಫರ್ಡಿನಾಂಡರ ತಂದೆ ಪಾದ್ರಿ. ಹೊಲಿಗೆಗೂ ಗಾಡಿಗೂ ಆ ಮನೆಗೂ ಆಗ ಯಾವ ಸಂಬಂಧವೂ ಇಲ್ಲ!

ಇನ್ನು ಒಂದೇ ಮನೆತನವಾ ಅನ್ನುವ ಪ್ರಶ್ನೆ. ಹೆಸರೊಂದೇ ಸಾಕ್ಷಿ ಅಂದರೆ ಹಾಗೆ ಹೇಳಲು ಬರುವುದಿಲ್ಲ. ಮೇಲಂಗಿ ತೊಡುವವರು ಎಲ್ಲ ಊರಲ್ಲೂ ಇದ್ದರು, ಹೆಸರೂ ಬೇರೆ ಬೇರೆ ಕಡೆ ತಾನಾಗಿ ಹುಟ್ಟಿತು. ಚಾರ್ಲ್ಸ್ ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ. ಮಾರ್ಸೆಲ್ ಜರ್ಮನಿಯ ತ್ಯೂರಿಂಗಿಯಾದ ಆರ್ನ್‌ಸ್ಟಾಟ್‌ನವನು. ನಂಟು ತೋರಿಸಬೇಕಾದರೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಾವಿನ ದಾಖಲೆಗಳನ್ನು ತಲೆಮಾರು ತಲೆಮಾರಾಗಿ ತೆಗೆದು ನೋಡಬೇಕು. ಸರ್ಕಾರಿ ನೋಂದಣಿ ಜರ್ಮನಿಯಲ್ಲೆಲ್ಲ ಕಡ್ಡಾಯ ಆದದ್ದು 1876ರಿಂದ. ಅದಕ್ಕೆ ಮೊದಲು ಕಾಗುಣಿತ ಬರೆಯುವ ಪಾದ್ರಿಯ ಕಿವಿಗೆ ಬಿಟ್ಟದ್ದು. ಹುಡುಕಲು ಹೊರಟರೆ ಕಿಟ್‌ಲ್, ಕ್ಯುಟ್ಟೆಲ್ ಅಂತ ಬರೆದದ್ದನ್ನೂ ಬಿಡಬೇಡಿ.